ಸಾವಕ್ಕನ ಗಾಳಿಗಾಡಿ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹಿತ್ತಲ ಬಾಗಿಲಿಗೆ ಗಾಲಿ ಕಟ್ಟಿ, ನಡುವೆ ಬಿದಿರು ನೆಟ್ಟು, ಅದಕ್ಕೆ ಅರಿವೆ ಏರಿಸಿ ಉಣಕಲ್ ಕೆರೆಯಂಗಳದಲ್ಲಿ ಓಡಿಸಿದ ಹುಚ್ಚಿಗೆ ಮೊದಲ ಕಿಡಿ ಹಚ್ಚಿದವಳು ನಾನೇ. ಮೈಲಾರಪ್ಪನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಅವನ ಹೆಂಡತಿ ಶೇವಂತೆವ್ವ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಳು. ಊರಿನದೂ ತಪ್ಪಿಲ್ಲ, ಶೇವಂತೆವ್ವನದೂ ತಪ್ಪಿಲ್ಲ. ಆದರೆ ನಾನು ಹೇಳಹೊರಟಿರುವುದು ಮೈಲಾರಪ್ಪನ ಕಥೆಯಲ್ಲ, ಅವನ ಅಕ್ಕ ಸಾವಕ್ಕನದು.

ಸಾವಕ್ಕ ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿ ಏನು ಕೊಟ್ಟರೂ ಪದರದ ಮೇಲೆ ಪದರ ಹಾಸಿ, ಮೂಲೆಯಿಂದ ಸುತ್ತು ಹಾಕುತ್ತ ನಡುವಿಗೆ ಬರುವಂತೆ ದಾರ ಓಡಿಸುತ್ತಿದ್ದಳು. ಉಣಕಲ್ಲಿನಲ್ಲಿ ಅವಳ ಕೌದಿ ಹೊದೆಯದ ಮನೆ ಇರಲಿಲ್ಲ. ಮೇಲೋಣಿಯ ದೊಡ್ಡ ಮನೆಗಳಲ್ಲಿ ನಮ್ಮ ಕೇರಿಯವರಿಗೆ ಅಂಗಳದಿಂದ ಆಚೆ ದಾರಿಯಿರಲಿಲ್ಲ, ಕೌದಿಗೆ ಇತ್ತು. “ನಾ ಅವರ ಹೊಸ್ತಿಲಾ ದಾಟಂಗಿಲ್ಲ, ನನ್ನ ಹೊಲಿಗಿ ಮಾತ್ರ ಅವರ ಹಾಸಿಗ್ಯಾಗ ಮಲಗತೈತಿ ನೋಡ ಸತ್ಯವ್ವಾ” ಎಂದು ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ನಾನು ಆಗ ಹುಬ್ಬಳ್ಳಿಯ ಒಂದು ಸಾಲಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ನಮ್ಮ ಕೇರಿಯಲ್ಲಿ ಸಂಬಳ ತರುವ ಮೊದಲ ಹೆಣ್ಣುಮಗಳು ಎಂಬ ಬಿಂಕ ಬೇರೆ ಇತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಸಾವಕ್ಕನ ಎರಡೂ ಕಾಲುಗಳ ಶಕ್ತಿ ತೆಗೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಎಲ್ಲಿಗೆ ಹೋದರೂ ಯಾರದಾದರೂ ಬೆನ್ನ ಮೇಲೆ. ಮೊದಲು ಅಪ್ಪ ಯಂಕಣ್ಣ ಹೊತ್ತ. ಅವನು ತೀರಿಕೊಂಡ ಮೇಲೆ ಅವಳಿಗಿಂತ ಐದು ವರ್ಷ ಚಿಕ್ಕವನಾದ ಮೈಲಾರಪ್ಪ ಅವಳನ್ನು ಕೂಸುಮರಿ ಮಾಡಿಕೊಂಡು ಹೊತ್ತ. ಮದುವೆ ಮನೆಗೆ, ದವಾಖಾನೆಗೆ, ಮತ್ತು ದಿನಾ ಸಂಜೆ ತಪ್ಪದೆ ಕೆರೆಯ ಏರಿಯ ಮೇಲಕ್ಕೆ. ನೀರು ನೋಡದೆ ಸಾವಕ್ಕನಿಗೆ ದಿನ ಮುಗಿಯುತ್ತಿರಲಿಲ್ಲ. ಮೈಲಾರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿ ಸೇರಿದ, ಮದುವೆಯಾದ, ಮೀಸೆ ದಪ್ಪಗಾಯಿತು, ಬೆನ್ನ ಮೇಲಿನ ಅಕ್ಕ ಇಳಿಯಲಿಲ್ಲ. ಶೇವಂತೆವ್ವ ಬಾಯಿಬಡುಕಿಯೇ ಹೌದು, ಆದರೆ ಇದೊಂದಕ್ಕೆ ಅವಳು ಎಂದೂ ಮೂಗು ಮುರಿದವಳಲ್ಲ.

ಆಮೇಲೆ ಮೈಲಾರಪ್ಪನಿಗೆ ಅಪ್ಪನಿಂದ ಬಂದ ದಮ್ಮು ಕಾಣಿಸಿಕೊಂಡಿತು. ಒಂದು ಸಂಜೆ ಏರಿ ಹತ್ತುವಾಗ ಅವನ ಎದೆಯಲ್ಲಿ ತಿದಿ ಒತ್ತಿದ ಹಾಗೆ ಸುಂಯ್ ಸುಂಯ್ ಶುರುವಾಯಿತು. ಸಾವಕ್ಕನ ಕಿವಿ ಅವನ ಬೆನ್ನಿಗೆ ಅಂಟಿಕೊಂಡಿತ್ತಲ್ಲ, ಅವಳಿಗೆ ಎಲ್ಲ ಕೇಳಿಸಿತು.

“ಇಳಿಸೋ ನನ್ನ.”

“ಇನ್ನೇನ್ ಬಂತ ಬಿಡ ಅಕ್ಕಾ.”

“ಇಳಿಸ್ತೀಯೋ, ಬೀಳ್ಲೋ?”

ಅಂದು ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತವಳು ಎರಡು ವರ್ಷ ಕಟ್ಟೆ ಬಿಟ್ಟು ಇಳಿಯಲಿಲ್ಲ. ನಾವು ಕರೆದೆವು, ಗದರಿಸಿದೆವು, ಅತ್ತೆವು. ಮೈಲಾರಪ್ಪ ತಳ್ಳುಗಾಡಿ ಮಾಡಿ ತಂದು ನಿಲ್ಲಿಸಿದ. ಅದನ್ನು ಅವಳು ಸುತ್ತಲೂ ನೋಡಿ, “ಛಲೋ ಮಾಡೀ. ತಳ್ಳಾಕ ಉಸಿರು ಬೇಕಲ್ಲೋ ತಮ್ಮಾ. ಅದು ಯಾರದು?” ಎಂದು ಕೇಳಿದಳು. ಆ ಗಾಡಿಯಲ್ಲಿ ಶೇವಂತೆವ್ವ ನೀರಿನ ಕೊಡ ತಂದಳು. ಕೆರೆ ಎರಡು ಕೂಗಿನಷ್ಟು ದೂರದಲ್ಲಿತ್ತು, ಕಟ್ಟೆಯಿಂದ ಕಾಣುತ್ತಿರಲಿಲ್ಲ. ಯಾರಾದರೂ ಆ ಕಡೆಯಿಂದ ಬಂದರೆ, “ನೀರು ಎಲ್ಲೀತನಕ ಐತಿ?” ಎಂದು ಕೇಳುವುದು ಮಾತ್ರ ಅವಳು ಬಿಡಲಿಲ್ಲ. ಆ ಪ್ರಶ್ನೆ ಕೇಳಿದಾಗಲೆಲ್ಲ ಮೈಲಾರಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಅರವತ್ತೈದನೆಯ ಇಸವಿಯಲ್ಲಿ ಮಳೆ ಕೈಕೊಟ್ಟಿತು. ಅರವತ್ತಾರರ ಬೇಸಿಗೆಗೆ ಕೆರೆಯ ನೀರು ಏರಿಯ ಬುಡಕ್ಕೆ ಸರಿದು, ಉಳಿದ ಅಂಗಳವೆಲ್ಲ ಬಿಸಿಲಿಗೆ ಒಣಗಿ ಬಿದ್ದಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ಸಾಲಿಗೆ ಯಾರೋ ಪುಣ್ಯಾತ್ಮರು ಒಂದು ಪೆಟ್ಟಿಗೆ ಹಳೆಯ ವಿಲಾಯತಿ ಚಿತ್ರಪತ್ರಿಕೆ ಕೊಟ್ಟಿದ್ದರು. ಒಂದನ್ನು ನಾನು ಸಾವಕ್ಕನಿಗೆ ತೋರಿಸಲೆಂದು ತಂದೆ. ಅದರಲ್ಲಿ ಎರಡು ಪುಟ ತುಂಬ ಒಂದೇ ಚಿತ್ರ: ಬೆಳ್ಳಗಿನ ಬಯಲು, ಅದರ ಮೇಲೆ ಹಾಯಿಪಟ ಕಟ್ಟಿದ ಸಣ್ಣ ಸಣ್ಣ ದೋಣಿಗಳು, ದೋಣಿಯ ಕೆಳಗೆ ಗಾಲಿಯ ಬದಲು ಕಬ್ಬಿಣದ ಪಟ್ಟಿಗಳು.

“ಇದು ಕೆರಿ ಅಕ್ಕಾ. ಅಲ್ಲಿ ಥಂಡಿಗೆ ನೀರು ಹೆಪ್ಪುಗಟ್ಟಿ ಕಲ್ಲಿನಂಗ ಆಗತೈತಿ. ಅದರ ಮ್ಯಾಲ ಇವನ್ನ ಓಡಸ್ತಾರ. ಮನ್ಯಾಗ ತಾವ ಮಾಡಿಕೊಂಡಿದ್ದಂತ” ಎಂದು ನಾನು ಸಾಲಿಯ ಧಾಟಿಯಲ್ಲಿ ವಿವರಿಸಿದೆ.

ಸಾವಕ್ಕ ಸೂಜಿ ಕೆಳಗಿಟ್ಟಳು. “ಇದನ್ನ ಯಾರು ತಳ್ಳತಾರ?”

“ಯಾರೂ ಇಲ್ಲ. ಗಾಳಿ.”

“ಕಾಲಲೆ ಏನೂ ಮಾಡೂದಿಲ್ಲೇನು?”

“ಇಲ್ಲ. ಕೈಲೆ ಹಗ್ಗಾ ಹಿಡಿದು ಕುಂತ್ರ ಆತು.”

“ಗಾಳಿಗೆ ದಮ್ಮು ಹತ್ತೂದಿಲ್ಲಲ್ಲ” ಎಂದಳು. ನನ್ನನ್ನು ಕೇಳಿದ್ದಲ್ಲ, ಚಿತ್ರಕ್ಕೆ ಹೇಳಿದ್ದು.

ಮೈಲಾರಪ್ಪ ಹಿಂದೆಯೇ ನಿಂತಿದ್ದ. ಅವನ ಮುಖ ನೋಡಿ ನನಗೆ ಭಯವಾಯಿತು. “ಬಾಯಾರ,” ಎಂದ, ನಾನು ಸಾಲಿ ಸೇರಿದಂದಿನಿಂದ ಅವನು ನನ್ನನ್ನು ಹಾಗೆ ಕರೆಯುತ್ತಿದ್ದ, “ನಮ್ಮ ಕೆರಿನೂ ಕಲ್ಲಿನಂಗ ಆಗೇತಿ. ಅವರದು ಥಂಡಿಲೆ, ನಮ್ಮದು ಬಿಸಿಲಿಲೆ. ಅಷ್ಟ ಫರಕ.”

ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎನ್ನುತ್ತಾರೆ. ಮರುದಿನವೇ ಅವನು ಹಿತ್ತಲ ಬಾಗಿಲು ಕಿತ್ತ. ಒಳ್ಳೆಯ ಮತ್ತಿ ಮರದ ಬಾಗಿಲು, ಅಪ್ಪನ ಕಾಲದ್ದು. ಅದರ ನಡುವೆ ಬಿದಿರು ನಿಲ್ಲಲು ತೂತು ಕೊರೆದ. ಹಿಂದೆ ಸೈಕಲ್ಲಿನ ಎರಡು ಗಾಲಿ, ಮುಂದೆ ಒಂದು ಸಣ್ಣ ಗಾಲಿ; ಮುಂದಿನದನ್ನು ಕೈಯಿಂದ ತಿರುಗಿಸಲು ಒಂದು ಹಿಡಿಕೆ. ಹತ್ತಿಯ ಗಿರಣಿಯ ಗುಜರಿಯಲ್ಲಿ ಹುಡುಕಿ ಬೇರಿಂಗು ತಂದ, ಸೀಮೆಎಣ್ಣೆಯಲ್ಲಿ ನೆನೆಸಿ ತಿಕ್ಕಿದ, ಬೆರಳಿನಿಂದ ತಿರುಗಿಸಿ ಬಿಟ್ಟು ಅದು ನಿಲ್ಲುವವರೆಗೆ ಕಿವಿಗೊಟ್ಟು ಕೇಳುತ್ತಿದ್ದ. ಇತ್ತ ಬಾಗಿಲಿಲ್ಲದ ಹಿತ್ತಲಿನಿಂದ ಓಣಿಯ ಆಡುಗಳೆಲ್ಲ ಅಡುಗೆಮನೆಗೆ ಬರತೊಡಗಿದವು. “ಮನಿ ಬಾಗಿಲಕ್ಕ ಗಾಲಿ ಹಚ್ಚಿದ ಗಂಡಸು ಹುಬ್ಬಳ್ಳಿ ತಾಲೂಕಿನ್ಯಾಗ ಇವರೊಬ್ರ” ಎಂದು ಶೇವಂತೆವ್ವ ಆಡಿಗೂ ಗಂಡನಿಗೂ ಒಂದೇ ಬಡಿಗೆ ತೋರಿಸುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟದ್ದು ಆಗಲೇ.

ಪಟವನ್ನು ಸಾವಕ್ಕನೇ ಹೊಲಿದಳು. ಕೌದಿಯ ಹಾಗೆ ಪದರ ಹಾಕದೆ ಒಂದೇ ಪದರ, ಅಂಚಿಗೆ ಮಾತ್ರ ಮೂರು ಸುತ್ತು ಹೊಲಿಗೆ. ಊರವರು ಕೊಟ್ಟ ಅರಿವೆಗಳಲ್ಲಿ ಚೂರು ಚೂರು ಉಳಿಸಿಕೊಂಡಿದ್ದಳಲ್ಲ, ಅದೆಲ್ಲ ಹೊರಬಂತು. ನಮ್ಮ ಕೇರಿಯ ಹಿರಿಯಳು ಕಾಳವ್ವನ ಮದುವೆಯ ಇಳಕಲ್ ಸೀರೆಯ ಸೆರಗು, ನನ್ನ ಅಪ್ಪನ ರುಮಾಲು, ಯಂಕಣ್ಣನ ಕೊನೆಯ ಧೋತರ. ನೋಡಿದವರೆಲ್ಲ ತಮ್ಮ ತಮ್ಮ ಮನೆಯ ತುಂಡು ಗುರುತಿಸುತ್ತಿದ್ದರು.

ಮೈಲಾರಪ್ಪ ಮೊದಲು ತಾನೊಬ್ಬನೇ ಹೋಗಿ ಪರೀಕ್ಷೆ ಮಾಡಿದ. ಕೆರೆಯಂಗಳ ದೂರದಿಂದ ನೋಡಲು ಹಲಗೆಯ ಹಾಗೆ ಸಪಾಟು. ಹತ್ತಿರ ಹೋದರೆ ಎರೆಮಣ್ಣು ಬಿರಿದು ಅಂಗೈ ಅಗಲದ ಬಿರುಕುಗಳು. ಗಾಡಿ ಹತ್ತು ಮಾರು ಓಡಿ, ಮುಂದಿನ ಗಾಲಿ ಬಿರುಕಿಗೆ ಇಳಿದು, ಮೈಲಾರಪ್ಪ ಮೂಗು ಮುಂದಾಗಿ ಬಿದ್ದ. ಮೂಗು ಒರೆಸಿಕೊಂಡು ಮನೆಗೆ ಬಂದು, ನೆಲ ಸರಿಯಿಲ್ಲ ಎಂದ.

“ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದಳಂತ” ಎಂದಳು ಶೇವಂತೆವ್ವ. ರೊಟ್ಟಿ ತಟ್ಟುತ್ತಲೇ ಗಂಡನ ಮೂಗಿನ ಕಡೆ ಒಮ್ಮೆ ನೋಡಿ, “ಕಣಾ ಮಾಡಿದ್ರ ಬಿರುಕು ಎಲ್ಲಿ ಉಳೀತಾವ?” ಎಂದಳು.

ಅಷ್ಟು ದಿನ ಬೇರಿಂಗು ಬೇರಿಂಗು ಎಂದು ಜಪ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಜೋಳ ಒಕ್ಕುವ ಕಣವನ್ನು ನಮ್ಮ ಹೆಣ್ಣುಮಕ್ಕಳು ಹೇಗೆ ಮಾಡುತ್ತಾರೆ? ಬಿರುಕಿಗೆ ಮಣ್ಣು ತುಂಬಿ, ನೀರು ಹೊಡೆದು, ಕಲ್ಲಿನ ಗುಂಡು ಉರುಳಿಸಿ, ಮೇಲೆ ಸಗಣಿಯಿಂದ ಸಾರಿಸಿದರೆ ಕಾಳೊಂದು ಬಿದ್ದರೂ ಕಳೆಯದಷ್ಟು ನುಣ್ಣಗಾಗುತ್ತದೆ. ಹಾಗೆಯೇ ಉದ್ದಕ್ಕೆ ಒಂದು ಫರ್ಲಾಂಗಿನ ಕಣ ಮಾಡುವುದು! ಕೇರಿಯ ಹೆಂಗಸರು ಮುಯ್ಯಾಳಾಗಿ ಬಂದರು. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎನ್ನುವ ಹಳೆಯ ಪದ್ಧತಿ ಅದು. ಸಾವಕ್ಕನಿಗೆ ಹೊಲ ಎಲ್ಲಿತ್ತು? ಕೌದಿ ಇತ್ತು. ಶೇವಂತೆವ್ವ ಮುಂದಾಳು. ಕಲ್ಲಿನ ಗುಂಡು, ಎತ್ತು ಕೊಟ್ಟವರು ಮೇಲೋಣಿಯ ನೀಲಕಂಠಪ್ಪನವರು. ನಾಲ್ಕು ಕೂರಿಗೆ ಎರೆಹೊಲದ ಒಡೆಯರು, ಬಾಯಿ ಬಿರುಸು, ಕೈ ಸಡಿಲ.

ತಪ್ಪಾದದ್ದು ಇಲ್ಲಿ. ಕಣ ಯಾವ ದಿಕ್ಕಿಗೆ ಹಾಕಬೇಕು ಎಂಬ ಮಾತು ಬಂತು. ನೀಲಕಂಠಪ್ಪನವರು ಒಂದು ಹಿಡಿ ಧೂಳು ಎತ್ತಿ ಮೇಲಿನಿಂದ ಬಿಟ್ಟರು. ನಲವತ್ತು ಸುಗ್ಗಿ ತೂರಿದ ಕೈ ಅದು. ಧೂಳು ಪಡುವಣದಿಂದ ಮೂಡಣಕ್ಕೆ ಹೋಯಿತು. “ಗಾಳಿ ಹೆಂಗ ಹೊಕ್ಕೈತೋ ಹಂಗ ಹಾಕ್ರಿ. ಹೊಟ್ಟು ಯಾವತ್ತರೆ ದಾರಿ ತಪ್ಪೇತೇನು?” ಎಂದು ಬಡಿಗೆಯಿಂದ ಗೆರೆ ಎಳೆದರು. ಯಾರಿಗೂ ಅನುಮಾನ ಬರಲಿಲ್ಲ. ಭೂಗೋಳ ಕಲಿಸುವ ನಾನೂ ತಲೆಯಾಡಿಸಿದೆ. ಒಕ್ಕಲುತನದ ಊರಿನಲ್ಲಿ ಗಾಳಿ ಎಂದರೆ ತೂರುವ ಗಾಳಿ. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆ ತೊಟ್ಟಿಲಲ್ಲೇ ಕೇಳಿದವರು ನಾವು. ತೂರಿದ್ದು ತಿರುಗಿ ಬರಬೇಕು ಎಂದು ಯಾವ ಗಾದೆಯೂ ಹೇಳಿರಲಿಲ್ಲ.

ನಾಲ್ಕು ದಿನದಲ್ಲಿ ಕಣ ಮುಗಿಯಿತು. ಸಾವಕ್ಕ ಒಪ್ಪಿದಳು, ಒಂದು ಕರಾರಿನ ಮೇಲೆ. “ಕೆರೀತನಕ ನಿನ್ನ ಬೆನ್ನ ಮ್ಯಾಲ, ಇದ ಕಡೀ ಸಲ. ಅಲ್ಲಿಂದ ಯಾರೂ ನನ್ನ ಮುಟ್ಟಬಾರದು.” ಎರಡು ವರ್ಷದ ಮೇಲೆ ಅವಳು ಕಟ್ಟೆ ಇಳಿದದ್ದು ನೋಡಿ ಓಣಿಯ ಮುದುಕಿಯರು ಲಟಿಕೆ ಮುರಿದರು. ಮೈಲಾರಪ್ಪ ನಡುವೆ ಮೂರು ಕಡೆ ನಿಂತ. ಉಸಿರಾಟದ ಸದ್ದು ಮುಚ್ಚಲು ಸುಮ್ಮನೆ ಏನೇನೋ ಮಾತಾಡುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಗಾಡಿಯ ಮೇಲೆ ಕುಳಿತು ಹಗ್ಗ ಎಳೆದಳು. ಪಟ ಉಬ್ಬಿತು. ಒಂದು ಗಳಿಗೆ ಏನೂ ಆಗಲಿಲ್ಲ, ಆಮೇಲೆ ಬಾಗಿಲು ಕಿರುಗುಟ್ಟಿತು, ಗಾಲಿ ಹೊರಳಿತು, ಸಾವಕ್ಕ ಹೋದಳು. ಹೋದಳು ಎಂದರೆ ಓಡಿದಳು! ಹೆಂಗಸರು ಹೋ ಎಂದು ಕೂಗಿದರು. ನೀಲಕಂಠಪ್ಪನವರು ರುಮಾಲು ಬಿಚ್ಚಿ ಬೀಸಿದರು. ನಾನು ಶೇವಂತೆವ್ವನನ್ನು ಅಪ್ಪಿಕೊಂಡೆ; ಅವಳು ಮಾತು ಬಿಟ್ಟದ್ದು ಮರೆತು ಅಪ್ಪಿಕೊಂಡಳು. ಫರ್ಲಾಂಗು ಮುಗಿಯಿತು, ಗಾಡಿ ಕಣದ ಮೂಡಣ ತುದಿಯಲ್ಲಿ ನಿಂತಿತು.

ನಿಂತದ್ದು ನಿಂತೇ ಇತ್ತು. ನಾವು ಓಡಿಹೋದೆವು. ಗಾಡಿ ತಿರುಗಿಸಿ ಪಟ ಏರಿಸಿದರೆ ಅದು ಹಿಂದಕ್ಕೆ ಮಗುಚಿಕೊಂಡು ಪಟಪಟ ಬಡಿದುಕೊಂಡಿತು, ಗಾಡಿ ಹಿಂದಕ್ಕೇ ಸರಿಯಿತು. ಎಷ್ಟು ಹೆಣಗಿದರೂ ಅಷ್ಟೇ. ಕೊನೆಗೆ ಮೈಲಾರಪ್ಪ ಪಟ ಇಳಿಸಿ, ಗಾಡಿಯ ಹಿಂದೆ ಹೋಗಿ, ಎದುರುಗಾಳಿಗೆ ತಲೆಬಗ್ಗಿಸಿ ತಳ್ಳತೊಡಗಿದ. ನಾವು ಕೈ ಹಾಕಹೋದರೆ ಬೇಡವೆಂದ. ಅರ್ಧ ದಾರಿಗೆ ಎದೆ ಹಿಡಿದುಕೊಂಡು ಕಣದ ಮೇಲೆ ಕುಳಿತ. ಆ ಸುಂಯ್ ಸುಂಯ್ ನಮಗೆಲ್ಲರಿಗೂ ಕೇಳಿಸಿತು.

ಸಾವಕ್ಕ ಹಿಂತಿರುಗಿ ನೋಡಲಿಲ್ಲ. “ಹೋಗೂದು ಗಾಳಿಲೆ, ಬರೂದು ನಿನ್ನ ಎದಿಲೆ. ಇದರಾಗ ಹೊಸಾದೇನ ಐತೋ?” ಎಂದಳು. ಶೇವಂತೆವ್ವನೂ ನಾನೂ ಸೇರಿ ಅವಳನ್ನು ಹೊತ್ತು ಮನೆಗೆ ತಂದೆವು. ಕಟ್ಟೆಯ ಮೇಲೆ ಕುಳಿತವಳೇ, “ಬಾಗಿಲಾ ತಂದು ಹಿತ್ತಲಕ್ಕ ಕೂಡಸ್ರಿ. ಆಡು ಬರತಾವ” ಎಂದಳು. ಮುಂದೆ ಮೂರು ದಿನ ನೀರು ಎಲ್ಲಿಯವರೆಗೆ ಇದೆ ಎಂದು ಕೂಡ ಅವಳು ಕೇಳಲಿಲ್ಲ. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಆ ಚಿತ್ರ ಯಾಕಾದರೂ ತೋರಿಸಿದೆನೋ ಎಂದು ನನ್ನನ್ನೇ ಬೈದುಕೊಂಡೆ.

ನಾಲ್ಕನೆಯ ದಿನ, ಭಾನುವಾರ, ಅವಳೇ ಕರೆದಳು. “ಸತ್ಯವ್ವಾ, ಆ ಪುಸ್ತಕಾ ತಾ.”

“ಅದನ್ನ ಒಲಿಗೆ ಹಾಕತೇನಿ ನಾ.”

“ಹಾಕೀಯಂತ. ಮೊದಲ ತಾ.”

ಪುಟ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರುತ್ತ ನೋಡಿದಳು. ಅವಳು ಅರಿವೆ ನೋಡುವ ರೀತಿಯೇ ಅದು. ಎಲ್ಲಿ ಸೆಳೆತವಿದೆ, ಎಲ್ಲಿ ಸಡಿಲವಿದೆ ಎಂದು. “ಈ ದೋಣಿ ಎತ್ತಾಗ ಹೊಂಟೈತಿ?”

“ಎಡಕ್ಕ.”

“ಇದು?”

“ಬಲಕ್ಕ.”

“ಎರಡರದೂ ಅರಿವಿ ಎತ್ತಾಗ ಉಬ್ಬೇತಿ?”

ನಾನು ನೋಡಿದೆ. ಎರಡೂ ಪಟಗಳು ಒಂದೇ ಕಡೆಗೆ, ನಮ್ಮ ಕಡೆಗೆ, ಉಬ್ಬಿದ್ದವು. ದಂಡೆಯ ಮೇಲಿನ ಕಂಬದ ಬಾವುಟವೂ ನಮ್ಮ ಕಡೆಗೇ ಹಾರುತ್ತಿತ್ತು. ಒಂದೇ ಗಾಳಿಗೆ ಒಂದು ಹೋಗುತ್ತಿತ್ತು, ಒಂದು ಬರುತ್ತಿತ್ತು. ಈ ಚಿತ್ರವನ್ನು ನಾನು ಊರಿಗೆಲ್ಲ ವಿವರಿಸಿದ್ದೆ, ನೋಡಿರಲಿಲ್ಲ.

“ಗಾಳಿ ಬೆನ್ನಿಗೆ ಇರಬಾರದು,” ಎಂದಳು ಸಾವಕ್ಕ, “ಮಗ್ಗಲಕ್ಕ ಇರಬೇಕು. ಮಗ್ಗಲಕ್ಕ ಇದ್ರ ಹೋಗಾಕೂ ಆತು, ಬರಾಕೂ ಆತು.”

ಅದೇ ಹೊತ್ತಿಗೆ ನೀಲಕಂಠಪ್ಪನವರು ಮಗಳು ಮುರಿಗೆವ್ವನ ಬಾಣಂತನಕ್ಕೆ ಹೇಳಿದ್ದ ಕೌದಿ ಒಯ್ಯಲು ಬಂದರು. ಓಣಿಯಲ್ಲಿ ನಿಂತೇ ಗಂಟಲು ಸರಿಮಾಡಿಕೊಂಡರು. ಗಾಡಿಯ ಮಾತು ತೆಗೆಯುವ ಮನಸ್ಸು ಅವರಿಗಿರಲಿಲ್ಲ, ತೆಗೆಯದೆ ಇರಲೂ ಆಗಲಿಲ್ಲ. “ಬಿಡ ಸಾವಕ್ಕಾ. ಗಾಳಿಗೆ ಎದುರು ಯಾವ ಹೊಟ್ಟೂ ಬರೂದಿಲ್ಲ” ಎಂದರು.

“ಒಂದು ಕೇಳಲೇನ್ರಿ ಸಾವಕಾರ್ರ? ನೀವು ತೂರುವಾಗ ಗಾಳಿ ಹೊಟ್ಟನ್ನ ಹೊತಗೊಂಡು ಹೋಗತೈತಿ. ಕಾಳು?”

“ಕಾಳು ಎಲ್ಲಿ ಹೋಗತೈತಿ? ತನ್ನ ಜಾಗಾದಾಗ ಬೀಳತೈತಿ.”

“ನೀವು ನನ್ನ ಹೊಟ್ಟು ಅಂತ ತಿಳದು ಗೆರಿ ಹೊಡದ್ರಿ” ಎಂದಳು ಸಾವಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಪುಸ್ತಕ ತಿರುಗಿಸಿ ಅವರಿಗೆ ತೋರಿಸಿದಳು. ನೀಲಕಂಠಪ್ಪನವರು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಕೌದಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರಿಗೆ ಬೇಜಾರಾಯಿತು ಎಂದೇ ನಾವು ತಿಳಿದೆವು.

ಕಣವನ್ನು ಬಡಗಣದಿಂದ ತೆಂಕಣಕ್ಕೆ, ಗಾಳಿಗೆ ಅಡ್ಡಲಾಗಿ, ಮೊದಲಿನಿಂದ ಮಾಡಬೇಕಿತ್ತು. ರೋಹಿಣಿ ಮಳೆಯ ಮೋಡಗಳು ಆಗಲೇ ಸಂಜೆ ಸಂಜೆ ಬಂದು ನೋಡಿ ಹೋಗುತ್ತಿದ್ದವು. ಒಂದು ದೊಡ್ಡ ಮಳೆ ಬಿದ್ದರೆ ಕೆರೆಯಂಗಳ ಕೆಸರು. ಮತ್ತೆ ಯಾವ ಬರಗಾಲಕ್ಕೆ ಕಾಯುವುದು? ಆದರೆ ಎಂಟು ದಿನದ ಹಿಂದೆ ಸೊಂಟ ಮುರಿದುಕೊಂಡ ಹೆಂಗಸರನ್ನು ಮತ್ತೆ ಕರೆಯುವವರು ಯಾರು? ಶೇವಂತೆವ್ವ ತಾನು ಕರೆಯುತ್ತೇನೆಂದಳು. ಸಾವಕ್ಕ ಬೇಡವೆಂದಳು.

“ನನ್ನ ಸಲುವಾಗಿ ಇದ್ದದ್ದು. ನಾನ ಕೇಳಬೇಕು.”

ಕಾಲು ಹೋದ ಇಪ್ಪತ್ತೈದು ವರ್ಷದಲ್ಲಿ ಅವಳು ಯಾರನ್ನೂ ಏನನ್ನೂ ಬೇಡಿ ಕೇಳಿದವಳಲ್ಲ. ನೀರು ಬೇಕಾದರೂ ಯಾರಾದರೂ ಈ ಕಡೆ ಬರಲಿ ಎಂದು ಕಾಯುವ ಹೆಂಗಸು. ಅಂದು ಕಟ್ಟೆಯ ಮುಂದೆ ಹದಿನಾರು ಜನ ಕುಳಿತರು. ಸಾವಕ್ಕ ಕೈಯಲ್ಲಿನ ಸೂಜಿಯನ್ನು ಅರಿವೆಗೆ ಚುಚ್ಚುತ್ತ ತೆಗೆಯುತ್ತ, “ಹಿಂದಿನ ಕಣಾ ತಪ್ಪಾತು. ಇನ್ನೊಂದು ಮಾಡಬೇಕು. ಕೇಳಬಾರದು ಅಂತಿದ್ದೆ. ಕೇಳಾಕತ್ತೇನಿ” ಎಂದಳು. ಅಷ್ಟು ಹೇಳುವುದಕ್ಕೆ ಅವಳ ಹಣೆ ಬೆವೆತಿತ್ತು.

ಮೂಲೆಯಲ್ಲಿ ಕುಳಿತಿದ್ದ ಕಾಳವ್ವ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. “ಎಷ್ಟು ವರ್ಸ ಆತು ನಿನ್ನ ಕೌದ್ಯಾಗ ಬೆಚ್ಚಗ ಮಲಗಾಕತ್ತು. ಈ ಮೂಕಿ ಒಂದಿನಾ ಏನರೆ ಕೇಳ್ಯಾಳು ಅಂತ ಕಾದು ಕಾದು ನಮಗ ಮುಪ್ಪ ಬಂತು” ಎಂದಳು. ಹೆಂಗಸರು ನಕ್ಕರು. ಸಾವಕ್ಕನೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನಂತೂ ಎದ್ದು ಗೋಡೆಯ ಆಚೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಕೆರೆಗೆ ಹೋದರೆ ನೀಲಕಂಠಪ್ಪನವರು ಆಗಲೇ ಅಲ್ಲಿದ್ದರು. ಎತ್ತು ಹೂಡಿ, ಕಲ್ಲಿನ ಗುಂಡು ತಂದು, ಹಳೆಯ ಗೆರೆಗೆ ಅಡ್ಡಲಾಗಿ ಹೊಸ ಗೆರೆ ಎಳೆದಿದ್ದರು. ಅದರ ಎರಡೂ ತುದಿಗೆ ಒಂದೊಂದು ದೊಡ್ಡ ದುಂಡನೆಯ ಗುರುತು. “ತಿರಗಾಕ ಜಾಗಾ ಬೇಕಲ್ಲ. ಎರಡೂ ಕಡೆ ದುಂಡಗಿನ ಕಣಾ ಮಾಡ್ರಿ” ಎಂದರು. ನಮ್ಮ ಮುಖ ನೋಡದೆ ಎತ್ತಿನ ಕೊರಳು ಕೆರೆಯುತ್ತಿದ್ದರು.

ಈ ಸಲ ಐದು ದಿನ ಹಿಡಿಯಿತು. ಮೂರನೆಯ ದಿನ ನಾಲ್ಕು ಹನಿ ಬಿದ್ದು ಎಲ್ಲರ ಜೀವ ಬಾಯಿಗೆ ಬಂತು. ಮೋಡಗಳು ಹಾಗೆಯೇ ಹುಬ್ಬಳ್ಳಿಯ ಕಡೆಗೆ ಹೋದವು. ಆರನೆಯ ದಿನ ಮಧ್ಯಾಹ್ನ ನಮ್ಮ ಕೇರಿಯೊಳಗೆ ನೀಲಕಂಠಪ್ಪನವರ ಚಕ್ಕಡಿ ಬಂದು ಸಾವಕ್ಕನ ಕಟ್ಟೆಗೆ ಹತ್ತಿಕೊಂಡು ನಿಂತಿತು. ಮೇಲೋಣಿಯ ಚಕ್ಕಡಿ ನಮ್ಮ ಕೇರಿಗೆ ಬಂದದ್ದು ನಾನು ಕಂಡಂತೆ ಅದೇ ಮೊದಲು. ನೀಲಕಂಠಪ್ಪನವರು ತಾವೇ ಹೊಡೆದುಕೊಂಡು ಬಂದಿದ್ದರು. “ನನ್ನ ತಪ್ಪಿಗೆ ಇದು ದಂಡ. ಏರಿಸ್ರಿ ಆಕೀನ” ಎಂದರು. ಸಾವಕ್ಕ ಎತ್ತುಗಳ ಹೊಟ್ಟೆಯನ್ನೊಮ್ಮೆ ನೋಡಿ, ಅವಕ್ಕೆ ದಮ್ಮಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೂಂ ಎಂದಳು.

ಪಡುವಣದಲ್ಲಿ ಮೋಡ ಕಪ್ಪಗಾಗಿತ್ತು. ಗಾಳಿ ಬಿರುಸಾಗಿತ್ತು. ಸಾವಕ್ಕ ಗಾಡಿಯ ಮೇಲೆ ಕುಳಿತು ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಹಗ್ಗ ಹಿಡಿದಳು. ಕೌದಿ ಹೊಲಿದು ಹೊಲಿದು ಗಟ್ಟಿಯಾದ ಕೈಗಳು. ಹಗ್ಗ ಬಿಗಿ ಮಾಡಿದಳು. ಮಗ್ಗುಲಿನ ಗಾಳಿಗೆ ಪಟ ಉಬ್ಬಿ ಗಾಡಿ ಸ್ವಲ್ಪ ವಾಲಿತು, ಮುಂದೆ ಸರಿಯಿತು, ಬಡಗಣಕ್ಕೆ ಓಡಿತು. ಈ ಸಲ ಯಾರೂ ಕೂಗಲಿಲ್ಲ. ಹೋಗುವುದನ್ನು ನಾವು ಮೊದಲೇ ನೋಡಿದ್ದೆವು.

ತುದಿಯ ದುಂಡು ಕಣದಲ್ಲಿ ಅವಳು ಹಿಡಿಕೆ ತಿರುಗಿಸಿದಳು. ಪಟ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಧಪ್ಪೆಂದು ಬಿತ್ತು. ಅವಳು ತಲೆ ತಗ್ಗಿಸಿದಳು. ಗಾಡಿ ಅರ್ಧ ತಿರುಗಿ ನಿಂತುಬಿಟ್ಟಿತು. ಪಟ ಜೋತುಬಿದ್ದು ಬಡಿದುಕೊಳ್ಳತೊಡಗಿತು.

ಮೈಲಾರಪ್ಪ ಓಡಲು ಹೆಜ್ಜೆ ಎತ್ತಿದ. ಶೇವಂತೆವ್ವ ಹಿಂದಿನಿಂದ ಅವನ ಧೋತರದ ಕಚ್ಚೆ ಹಿಡಿದು ಎಳೆದಳು. “ನಿಂದರ್ರಿ! ತಾನ ಬರಲಿ.”

“ಸಿಗಿಬಿದ್ದಾಳಲ್ಲೇ…”

“ಬಿದ್ರ ಬೀಳಲಿ. ನೀವು ಹೋದ್ರ ಆಕಿ ಮತ್ತ ಕಟ್ಟಿ ಇಳಿಯೂದಿಲ್ಲ. ತಿಳೀತೇನ?”

ಅವನು ನಿಂತ. ನಾವೆಲ್ಲ ನಿಂತೆವು. ಅಷ್ಟು ದೂರದಿಂದ ಸಾವಕ್ಕ ಒಂದು ಹಿಡಿ ಬಟ್ಟೆಯಂತೆ ಕಾಣುತ್ತಿದ್ದಳು. ಹಗ್ಗ ಬಿಟ್ಟಳು, ಎಳೆದಳು, ಮತ್ತೆ ಬಿಟ್ಟಳು. ಕೈ ಚಾಚಿ ಗಾಲಿಯನ್ನೇ ಹಿಡಿದು ಒಂದು ಗೇಣು ಹೊರಳಿಸಿದಳು, ಇನ್ನೊಂದು ಗೇಣು. ಗಾಳಿ ಅರಿವೆಯ ಒಂದು ಮೂಲೆಗೆ ಸಿಕ್ಕಿತು. ಯಂಕಣ್ಣನ ಧೋತರದ ಬಿಳಿ ತುಂಡು ಮೊದಲು ಉಬ್ಬಿತು, ಆಮೇಲೆ ಇಳಕಲ್ ಸೆರಗು, ಆಮೇಲೆ ಇಡೀ ಪಟ. ಗಾಡಿ ನಮ್ಮ ಕಡೆಗೆ ಮುಖ ಮಾಡಿತು.

ಅವಳು ಬಂದಳು. ಯಾರೂ ತಳ್ಳದೆ, ಯಾರೂ ಹೊರದೆ ತಾನೇ ಬಂದಳು. ಸೆರಗು ಜಾರಿ ಕೂದಲು ಬಿಚ್ಚಿಹೋಗಿತ್ತು. ನಮ್ಮ ಮುಂದೆ ನಿಲ್ಲಿಸುತ್ತಾಳೆಂದು ನಾವು ಕೈ ಚಾಚಿದರೆ ಕಣ್ಣೆತ್ತಿಯೂ ನೋಡದೆ ಹಾದುಹೋದಳು! ಈ ತುದಿಯ ಕಣದಲ್ಲಿ ತಿರುಗಿ ಮತ್ತೆ ಹೋದಳು, ಮತ್ತೆ ಬಂದಳು. ಕಾಳವ್ವ ಎದೆ ಬಡಿದುಕೊಂಡು ನಗುತ್ತಿದ್ದಳು. ನೀಲಕಂಠಪ್ಪನವರು ಮೂಗು ಸೀನಿ, ಧೂಳು ಬಹಳ ಎಂದರು. ಮೈಲಾರಪ್ಪ ಗಾಡಿಯ ಜೊತೆ ಜೊತೆಗೆ ಕಣದ ಪಕ್ಕದಲ್ಲಿ ಓಡುತ್ತ, ಅಕ್ಕಾ ಅಕ್ಕಾ ಎಂದು ಕೂಗುತ್ತ, ಅಳುತ್ತ, ಕೊನೆಗೆ ಏದುಸಿರು ಬಿಡುತ್ತ ಮೊಣಕಾಲಿಗೆ ಕೈ ಕೊಟ್ಟು ನಿಂತುಬಿಟ್ಟ. ಎದೆಯಲ್ಲಿ ಸುಂಯ್ ಸುಂಯ್ ಏರಿತ್ತು.

ಸಾವಕ್ಕ ಗಾಡಿಯನ್ನು ಅವನ ಪಕ್ಕಕ್ಕೆ ತಂದು ಹಗ್ಗ ಸಡಿಲಿಸಿದಳು. ಗಾಡಿ ನಿಂತಿತು.

“ದಮ್ಮ ಹತ್ತೇತೇನೋ?”

ಅವನು ತಲೆಯಾಡಿಸಿದ.

ಅವಳು ಎರಡೂ ಕೈ ಊರಿ ಬಾಗಿಲ ಹಲಗೆಯ ಮೇಲೆ ಮುಂದಕ್ಕೆ ಸರಿದು, ಹಿಂದೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು. “ಬಾ, ಕುಂದ್ರು” ಎಂದಳು. “ನಾ ಒಯ್ತೇನಿ.”

ಮೈಲಾರಪ್ಪ ಅವಳ ಹಿಂದೆ ಕುಳಿತು ಅವಳ ಬೆನ್ನಿಗೆ ತಲೆ ಆನಿಸಿದ. ಸಾವಕ್ಕ ಹಗ್ಗ ಎಳೆದಳು. ಇಬ್ಬರ ಭಾರಕ್ಕೆ ಗಾಡಿ ಸ್ವಲ್ಪ ನಿಧಾನವಾಗಿ ಹೊರಟಿತು, ಆದರೂ ಹೊರಟಿತು. ಬಡಗಣದ ತುದಿ ಮುಟ್ಟುವ ಹೊತ್ತಿಗೆ ತಮ್ಮನ ಉಸಿರು ಸಮ ಆಗಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದಳು, ಬೆನ್ನಿಗೆ ಗೊತ್ತಾಯಿತಂತೆ. ಅವರು ತಿರುಗಿ ಬರುವಾಗ ಮಳೆ ಶುರುವಾಯಿತು.